ಕೆರೆಯ ಅಂಚಿನ ಬಕಗಳು

ಹಾವೇರಿ ಸೀಮೆಯ ಬಕಗಳ ಚರಿತ್ರೆ ಬಹುಮಟ್ಟಿಗೆ ಅಲ್ಲಿನ ಕೆರೆಗಳ ಚರಿತ್ರೆಯೇ. ತುಂಗಭದ್ರಾ, ವರದಾ, ಕುಮುದ್ವತಿ ನದಿಗಳು ಹರಿದರೂ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ಎರೆಹೊಲಗಳು ಬಹುಕಾಲ ಮಳೆಯನ್ನೇ ನಂಬಿದ್ದವು. ಮಲೆನಾಡಿನ ಸೆರಗಿನ ಹಾನಗಲ್ಲಿನಿಂದ ಪೂರ್ವಕ್ಕೆ ಸರಿದಂತೆ ಮಳೆಯೂ ಇಳಿಯುತ್ತದೆ. ಇಂಥ ಬಯಲಲ್ಲಿ ನೀರು ನಿಂತದ್ದು ಜನ ಏರಿ ಹಾಕಿ ನಿಲ್ಲಿಸಿದ್ದರಿಂದ.

ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ಕೆರೆ ಕಟ್ಟಿಸಿದ, ಅದರ ಪಾಲನೆಗೆ ಭೂಮಿ ಬಿಟ್ಟ ಸಂಗತಿ ಮತ್ತೆ ಮತ್ತೆ ಬರುತ್ತದೆ. ಹೀಗೆ ಬಿಟ್ಟ ದತ್ತಿಗೆ ಬಿತ್ತುವಟ್ಟವೆಂದು ಹೆಸರು. ವಿಜಯನಗರದ ಕಾಲದಲ್ಲಿ ಮಾಸೂರಿನ ಬಳಿ ಕುಮುದ್ವತಿಗೆ ಅಡ್ಡಲಾಗಿ ಮದಗದ ಕೆರೆ ಎದ್ದಿತು. ಕಟ್ಟಿಸಿದವರ ಲೆಕ್ಕದಲ್ಲಿದ್ದದ್ದು ಗದ್ದೆ, ದನ, ದೇವಾಲಯ. ಹಕ್ಕಿ ಆ ಲೆಕ್ಕದಲ್ಲಿ ಇರಲಿಲ್ಲ, ಆದರೂ ಲಾಭ ಅದಕ್ಕೂ ಸಿಕ್ಕಿತು.

ಬಕಕ್ಕೆ ಬೇಕಾದದ್ದು ಆಳದ ನೀರಲ್ಲ. ಅದು ಈಜಿ ಬೇಟೆಯಾಡುವುದಿಲ್ಲ; ಕಾಲು ಮುಳುಗುವಷ್ಟು ನೀರಿನಲ್ಲಿ ಅಲ್ಲಾಡದೆ ನಿಂತು ಮೀನು, ಕಪ್ಪೆಯನ್ನು ಕೊಕ್ಕಿನಿಂದ ಹೆಕ್ಕುತ್ತದೆ. ಬೂದುಬಕ ಉದ್ದಕಾಲಿನದಾದ್ದರಿಂದ ಸ್ವಲ್ಪ ಮುಂದೆ ಹೋದೀತು, ಕೊಳದ ಬಕ ದಡವನ್ನೇ ಹಿಡಿದಿರುತ್ತದೆ, ಕೆನ್ನೀಲಿ ಬಕಕ್ಕೆ ಆಪುಹುಲ್ಲಿನ ಮರೆ ಬೇಕು. ಹಾಗಾಗಿ ತೂಬಿನಿಂದ ನೀರು ಇಳಿಯುತ್ತ ಮೀನುಗಳು ಗುಂಡಿಗಳಲ್ಲಿ ಸಿಕ್ಕಿಬೀಳುವ ಚಳಿಗಾಲ, ಬೇಸಿಗೆಯ ಮೊದಲ ದಿನಗಳೇ ಇವಕ್ಕೆ ಸುಗ್ಗಿ. ಕೆರೆ ಪೂರ್ತಿ ಬತ್ತಿದರೆ ಮಾತ್ರ ಹಕ್ಕಿ ನದಿಯ ಮಡುಗಳನ್ನು ಹುಡುಕಿ ಹೊರಡಬೇಕು. ಅಂಥ ಒಣಕಾಲವೂ ಬಂದಿತ್ತು: 1876–78ರ ದೊಡ್ಡ ಬರ ಧಾರವಾಡ ಜಿಲ್ಲೆಯನ್ನು ಕಾಡಿದಾಗ ಈ ಸೀಮೆಯೂ ಆ ಜಿಲ್ಲೆಯೊಳಗಿತ್ತು.

ಗೂಡಿಗೆ ಮರ ಬೇಕು. ಕೆರೆಯಂಗಳದ ಜಾಲಿ, ಊರೊಳಗಿನ ಹುಣಸೆ, ಆಲಗಳಲ್ಲಿ ಇವು ಗುಂಪಾಗಿ ಗೂಡು ಕಟ್ಟುತ್ತವೆ. ಬಕದ ಬಳಗದವೇ ಆದ ಬೆಳ್ಳಕ್ಕಿಗಳ ಹೆಸರಾಂತ ಗೂಡುತಾಣಗಳಿರುವುದು ಪಶ್ಚಿಮ, ದಕ್ಷಿಣದ ತೇವದ ನೆಲದಲ್ಲಿ: ಮುಂಡಗೋಡದ ಅತ್ತಿವೇರಿ, ತುಂಗೆಯ ಮಂಡಗದ್ದೆ. ಬೆಳ್ಳಕ್ಕಿಯ ತುರಾಯಿಗರಿ ಯುರೋಪಿನ ಟೋಪಿಗಳಿಗೆ ಹೋಗುತ್ತಿದ್ದ ಕಾಲವೂ ಇತ್ತು. 1902ರಲ್ಲಿ ಭಾರತ ಸರ್ಕಾರ ಹಕ್ಕಿಗರಿಗಳ ರಫ್ತನ್ನು ನಿಷೇಧಿಸಿತು.

ಇಪ್ಪತ್ತನೇ ಶತಮಾನದಲ್ಲಿ ಕೊಳವೆಬಾವಿ ಬಂದ ಮೇಲೆ ಕೆರೆಯ ಮೇಲಿನ ನಿಗಾ ಸಡಿಲವಾಯಿತು, ಹೂಳು ತುಂಬಿತು. 1974ರಲ್ಲಿ ರಾಣೆಬೆನ್ನೂರಿನಲ್ಲಿ ಅಭಯಾರಣ್ಯ ಘೋಷಣೆಯಾದದ್ದು ಒಣಬಯಲಿನ ಕೃಷ್ಣಮೃಗಕ್ಕಾಗಿ, ಕೆರೆಯ ಹಕ್ಕಿಗಾಗಿ ಅಲ್ಲ. ಅದೇ ಬಳಗದ ಗೋವಕ್ಕಿಗೆ ಮಾತ್ರ ಕೆರೆಗಳ ಈ ಅವನತಿ ಅಷ್ಟು ತಟ್ಟಲಿಲ್ಲ. ದನದ ಹಿಂದೆ, ಈಗ ಟ್ರ್ಯಾಕ್ಟರಿನ ಹಿಂದೆ, ಮಿಡತೆ ಹಿಡಿದು ಬದುಕುವುದು ಅದಕ್ಕೆ ಗೊತ್ತು.

ಇತ್ತೀಚೆಗೆ ಹಾವೇರಿಯ ಹೆಗ್ಗೇರಿ ಕೆರೆಗೆ ತುಂಗಾ ಮೇಲ್ದಂಡೆ ಯೋಜನೆಯ ನೀರು ಬರುತ್ತಿದೆ. ಕಾಲುವೆಯಿಂದ ತುಂಬಿಸಿದ ಕೆರೆಯಲ್ಲಿ ನೀರು ಸದಾ ಅಂಚಿನವರೆಗೆ ನಿಂತರೆ ನೀರುಕಾಗೆಗೆ ಅನುಕೂಲ. ಬಕಕ್ಕೆ ಮಾತ್ರ ನೀರು ಇಳಿದು ತೆಳುವಾದ ದಡ ತೆರೆದುಕೊಳ್ಳಬೇಕು.