ದುಡ್ಡು ಯಾರು ಹಾಕಬೇಕು? ಗುಬ್ಬಿ ಕಂಪನಿಯಿಂದ ಊರ ‘ಕುರುಕ್ಷೇತ್ರ’ದವರೆಗೆ

ಇವತ್ತು ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. ಊರಲ್ಲಿ ನಾಟಕ ಆದರೆ ದುಡ್ಡು ಕೊಡೋರು ಯಾರು? ನೋಡೋರು ಅಂತೀರಾ? ಹಾಗಾದ್ರೆ ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲು ಕಡೆಗೋ, ಮಧುಗಿರಿ, ಶಿರಾ, ಕೊರಟಗೆರೆ ಕಡೆಗೋ ಒಮ್ಮೆ ಬನ್ನಿ. ಇಲ್ಲಿ ‘ಕುರುಕ್ಷೇತ್ರ’ ಆಡಿದರೆ ದುಡ್ಡು ಹಾಕೋರು ಪಾತ್ರ ಮಾಡೋರು. ನೋಡೋರಿಗೆ ಪುಕ್ಕಟೆ.

ಇದು ಯಾವಾಗಲೂ ಹೀಗೇ ಇರಲಿಲ್ಲ. ನಮ್ಮದೇ ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಒಂದು ನಾಟಕ ಕಂಪನಿ ಹುಟ್ಟಿತು. ಅದಕ್ಕೆ ಬಾಲನಟನಾಗಿ ಸೇರಿದ ವೀರಣ್ಣ 1917ರಲ್ಲಿ ಮಾಲೀಕರಾದರು. ನಾವು ಅವರನ್ನು ನಟ ಅಂತ ನೆನೀತೀವಿ. ಆದರೆ ಅವರು ದೊಡ್ಡ ಸಂಘಟಕರೂ ಹೌದು.

ಕಂಪನಿ ಒಂದೂರಲ್ಲಿ ಕ್ಯಾಂಪ್ ಹಾಕೋದು ಅಂದ್ರೆ ಸುಮ್ನೆ ಮಾತಲ್ಲ. ಜಾಗ ನೋಡಬೇಕು, ಅನುಮತಿ ತಗೋಬೇಕು, ಥಿಯೇಟರ್ ಕಟ್ಟಬೇಕು, ಹ್ಯಾಂಡ್‌ಬಿಲ್ ಹಂಚಬೇಕು. ನೆಲಕ್ಕೊಂದು ದರ, ಕುರ್ಚಿಗೊಂದು ದರ. ಇಷ್ಟೂ ಜನಕ್ಕೆ ದಿನಾ ಅಡುಗೆ ಆಗಬೇಕು. ಕಲೆಕ್ಷನ್ ಬಿದ್ದರೆ ನಾಟಕ ಬದಲಿಸಬೇಕು, ಇಲ್ಲಾ ಊರು ಬದಲಿಸಬೇಕು. ಮಳೆ ಬಂದು ಜನ ಬರಲಿಲ್ಲ ಅಂದರೂ ನಟರಿಗೆ ಸಂಬಳ ಕೊಡಲೇಬೇಕು. ಲಾಭವೋ ನಷ್ಟವೋ, ಎಲ್ಲ ಮಾಲೀಕರ ತಲೆ ಮೇಲೆ.

ವೀರಣ್ಣನವರು ಆ ಭಾರ ಹೊತ್ತೇ ‘ಕುರುಕ್ಷೇತ್ರ’ದ ರಂಗಕ್ಕೆ ನಿಜವಾದ ಆನೆ, ಕುದುರೆ ತಂದರು. ತೆಲುಗಿನಲ್ಲೂ ನಾಟಕ ಆಡಿಸಿದರು. ಕನ್ನಡ, ತೆಲುಗು ಎರಡೂ ಕಿವಿಗೆ ಬೀಳುವ ಪಾವಗಡದ ಗಡಿಯವರಿಗೆ ‘ಕರ್ನಾಟಕಾಂಧ್ರ ನಾಟಕ ಸಾರ್ವಭೌಮ’ ಅನ್ನುವ ಅವರ ಬಿರುದಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ಸಿನಿಮಾ ಬಂತು, ಕಂಪನಿಗಳು ಸೊರಗಿದವು. ಆದರೆ ಪೌರಾಣಿಕ ನಾಟಕದ ಹುಚ್ಚು ಹಳ್ಳಿಯಲ್ಲಿ ಉಳೀತು. ಮಾಲೀಕ ಇಲ್ಲ ಅಂದ್ಮೇಲೆ ಖರ್ಚು? ಅದಕ್ಕೆ ಹಳ್ಳಿಯವರೇ ದಾರಿ ಕಂಡುಕೊಂಡರು: ಪಾತ್ರಕ್ಕೆ ಇಷ್ಟು ಅಂತ ರೇಟು. ಕೃಷ್ಣ, ದುರ್ಯೋಧನನಿಗೆ ಜಾಸ್ತಿ, ಸಣ್ಣ ಪಾತ್ರಕ್ಕೆ ಕಮ್ಮಿ. ಆ ದುಡ್ಡಲ್ಲೇ ಹಾರ್ಮೋನಿಯಂ ಮೇಷ್ಟ್ರು, ಬಾಡಿಗೆ ಸೀನರಿ, ಡ್ರೆಸ್ಸು, ಲೈಟು, ಮೈಕು, ಹೊರಗಿಂದ ಬರುವ ನಟಿಯರ ಸಂಭಾವನೆ. ತಿಂಗಳುಗಟ್ಟಲೆ ರಾತ್ರಿ ಪ್ರಾಕ್ಟೀಸು, ಜಾತ್ರೆಯಲ್ಲಿ ಬೆಳಗಿನವರೆಗೆ ಆಟ.

ಜಾಣ ಉಪಾಯವೇ. ಟಿಕೆಟ್ ಮಾರದಿದ್ದರೂ ನಷ್ಟ ಇಲ್ಲ, ಯಾಕಂದ್ರೆ ಪರದೆ ಏಳೋ ಮೊದಲೇ ದುಡ್ಡು ಕೂಡಿರುತ್ತೆ. ಆದರೆ ಇದರಲ್ಲೊಂದು ನೋವೂ ಇದೆ. ದುಡ್ಡಿದ್ದವನು ಕೃಷ್ಣ ಆಗ್ತಾನೆ. ಕಂಠ ಇದ್ದು ಕಾಸಿಲ್ಲದವನು ಕೆಳಗೆ ಕೂತು ಅವನ ಹಾಡು ಕೇಳ್ತಾನೆ.

ಮೂರನೇ ದಾರಿ ಹೆಗ್ಗೋಡಿನಲ್ಲಿ ಕಾಣುತ್ತೆ. ಅಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್, ಕೆ.ವಿ. ಸುಬ್ಬಣ್ಣನವರ ಮುಂದಾಳತ್ವದಲ್ಲಿ 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ‘ತಿರುಗಾಟ’ ಶುರು ಮಾಡಿತು. ತಂಡ ನಾಟಕ ಕಟ್ಟಿಕೊಂಡು ಊರೂರಿಗೆ ಬರುತ್ತೆ. ಜಾಗ, ಪ್ರಚಾರ, ಪ್ರೇಕ್ಷಕರ ಹೊಣೆ ಆಯಾ ಊರಿನ ಸಂಘಟಕರದು. ಹೀಗೆ ನಟನೆ ಕಲಿತವರ ಜೊತೆಗೆ ನಾಟಕ ಆಡಿಸೋದನ್ನು ಕಲಿತವರೂ ಊರೂರಲ್ಲಿ ತಯಾರಾದರು.

ಗುಬ್ಬಿ ಕಂಪನಿಯ ಪಾಠವೂ ಕಂಪನಿ ಜೊತೆ ಮುಗಿಯಲಿಲ್ಲ. ಹುಡುಗನಾಗಿ ಅಲ್ಲಿ ಸೇರಿದ್ದ ಬಿ.ವಿ. ಕಾರಂತರನ್ನು ವೀರಣ್ಣನವರೇ ಕಾಶಿಗೆ ಓದಲು ಕಳಿಸಿದರು. ಅದೇ ಕಾರಂತರು 1989ರಲ್ಲಿ ಮೈಸೂರಿನ ರಂಗಾಯಣದ ಮೊದಲ ನಿರ್ದೇಶಕರಾದರು. ಇವತ್ತು ‘ಬಹುರೂಪಿ’ ರಾಷ್ಟ್ರೀಯ ನಾಟಕೋತ್ಸವ ನಡೆಯೋದು ಆ ರಂಗಾಯಣದಲ್ಲೇ. ಅಲ್ಲಿ ಸರ್ಕಾರದ ಬೆಂಬಲ ಇದೆ.

ಮಾಲೀಕ, ಪಾತ್ರಧಾರಿ, ಊರು, ಸರ್ಕಾರ. ಉತ್ಸವ ನಡೆಯಬೇಕಾದರೆ ನಷ್ಟದ ಭಾರ ಇವರಲ್ಲಿ ಯಾರಾದರೂ ಹೊರಲೇಬೇಕು. ಯಾರು ಹೊರುತ್ತಾರೋ, ರಂಗದ ಮೇಲೆ ಯಾರು ನಿಲ್ಲಬೇಕು ಅನ್ನೋದನ್ನೂ ಬಹುಮಟ್ಟಿಗೆ ಅವರೇ ನಿರ್ಧರಿಸ್ತಾರೆ.

ಈ ಸಲ ನಿಮ್ಮೂರಲ್ಲಿ ನಾಟಕದ ಮಾತು ಎದ್ದರೆ ಲೆಕ್ಕದ ಪುಸ್ತಕ ನೀವೇ ಹಿಡೀರಿ. ಪಾತ್ರದ ದುಡ್ಡಿನ ಜೊತೆಗೆ ಊರಿಂದಲೂ ಸ್ವಲ್ಪ ಚಂದಾ ಎತ್ತಿ. ಆ ಚಂದಾದಲ್ಲಿ ಕನಿಷ್ಠ ಒಂದು ಪಾತ್ರವನ್ನಾದರೂ ಕಂಠ ನೋಡಿ ಕೊಡಿ. ಕೆಳಗೆ ಕೂತಿದ್ದ ಆ ಹುಡುಗ ಒಂದು ರಾತ್ರಿ ಮೇಲೆ ನಿಂತು ಹಾಡಲಿ.

ಮುಂದಿನ ಕಂತಿನಲ್ಲಿ ಸಿಗೋಣ.