ಲಕೋಟೆಯಿಂದ ಬಿಲ್‌ವರೆಗೆ: ಕರ್ನಾಟಕದ ಸರ್ಕಾರಿ ಖರೀದಿಯ ಕಾಲು ಶತಮಾನ

ಕರ್ನಾಟಕದ ಗುತ್ತಿಗೆದಾರರಿಗೆ ಬಾಯಿಪಾಠವಾಗಿರುವ ಕಾನೂನಿನ ಕಲಂ ಒಂದಿದ್ದರೆ ಅದು ‘ಫೋರ್ ಜಿ’. ಮೊಬೈಲಿನ 4ಜಿ ಬರುವ ಎಷ್ಟೋ ಮೊದಲೇ ಈ ಎರಡಕ್ಷರ ವಿಧಾನಸೌಧದ ಕಡತಗಳಲ್ಲಿ ಓಡಾಡುತ್ತಿತ್ತು. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ (ಕೆಟಿಪಿಪಿ) ಕಾಯ್ದೆಯ 4ನೇ ಕಲಮಿನ ‘ಜಿ’ ಉಪಕಲಂ ಅದು. ಸರ್ಕಾರ ಅಧಿಸೂಚನೆ ಹೊರಡಿಸಿದರೆ ನಿರ್ದಿಷ್ಟ ಖರೀದಿಯನ್ನು ಟೆಂಡರ್ ಇಲ್ಲದೆಯೇ ನಡೆಸಬಹುದು. ಪಾರದರ್ಶಕತೆಗೆಂದೇ ಬಂದ ಕಾಯ್ದೆಯಲ್ಲಿ ಹೆಚ್ಚು ಚಾಲ್ತಿಗೆ ಬಂದದ್ದು ಅದರಿಂದ ಹೊರಬರುವ ಬಾಗಿಲು ಎಂಬುದು ತಮಾಷೆಯಂತೆ ಕಂಡರೂ ನಿಜ.

ಸರ್ಕಾರ ಕೊಳ್ಳುವ ಸರಕಿಗೆ ಪ್ರತ್ಯೇಕ ವ್ಯವಸ್ಥೆ ಬೇಕೆಂಬ ಯೋಚನೆ ಬ್ರಿಟಿಷರ ಕಾಲದ್ದು. 1922ರಲ್ಲಿ ಇಂಡಿಯನ್ ಸ್ಟೋರ್ಸ್ ಡಿಪಾರ್ಟ್‌ಮೆಂಟ್ ಹುಟ್ಟಿತು. ಸ್ವಾತಂತ್ರ್ಯಾನಂತರ ಅದೇ ಪೂರೈಕೆ ಮತ್ತು ವಿಲೇವಾರಿ ಮಹಾನಿರ್ದೇಶನಾಲಯ (ಡಿಜಿಎಸ್ ಅಂಡ್ ಡಿ) ಆಗಿ ದಶಕಗಳ ಕಾಲ ಕೇಂದ್ರ ಸರ್ಕಾರಕ್ಕೆ ದರ ಗೊತ್ತುಪಡಿಸಿತು. ಖರೀದಿಗೆ ಆಧಾರವಾದದ್ದು ಶಾಸನವಲ್ಲ, ಸಾಮಾನ್ಯ ಹಣಕಾಸು ನಿಯಮಗಳು. 1947ರಲ್ಲಿ ಬಂದ ಈ ನಿಯಮಗಳನ್ನು 1963, 2005, 2017ರಲ್ಲಿ ಪರಿಷ್ಕರಿಸಲಾಯಿತು. ಖರೀದಿಗೊಂದು ಕಾಯ್ದೆ ಮಾಡುವ ಪ್ರಯತ್ನವೂ ನಡೆಯದೆ ಇರಲಿಲ್ಲ. 2012ರಲ್ಲಿ ಲೋಕಸಭೆಯಲ್ಲಿ ಮಂಡನೆಯಾದ ಮಸೂದೆ ಆ ಸದನದ ಅವಧಿಯೊಂದಿಗೇ ಬಿದ್ದುಹೋಯಿತು.

ರಾಜ್ಯಗಳು ಈ ವಿಷಯದಲ್ಲಿ ಕೇಂದ್ರಕ್ಕಿಂತ ಮುಂದೆ ಹೋದವು. 1998ರಲ್ಲಿ ತಮಿಳುನಾಡು ಟೆಂಡರ್ ಪಾರದರ್ಶಕತೆಯ ಕಾಯ್ದೆ ಮಾಡಿತು. ಬೆನ್ನಿಗೇ ಕರ್ನಾಟಕ 1999ರ ಕೆಟಿಪಿಪಿ ಕಾಯ್ದೆಯನ್ನು ತಂದು 2000ದ ಅಕ್ಟೋಬರ್‌ನಲ್ಲಿ ಜಾರಿಗೊಳಿಸಿತು. ಅದಕ್ಕೆ ಮೊದಲು ಟೆಂಡರ್ ಎಂದರೆ ಕಾರ್ಯನಿರ್ವಾಹಕ ಎಂಜಿನಿಯರ್ ಕಚೇರಿಯ ಜಗುಲಿಯಲ್ಲಿಟ್ಟ ಬೀಗದ ಪೆಟ್ಟಿಗೆ, ಅದರೊಳಗೆ ಅರಗು ಹಾಕಿದ ಲಕೋಟೆ. ಪ್ರಕಟಣೆ ಯಾವ ಪತ್ರಿಕೆಯ ಯಾವ ಮೂಲೆಯಲ್ಲಿ ಬರುತ್ತದೆ, ಅರ್ಜಿ ನಮೂನೆ ಯಾರಿಗೆ ಸಿಗುತ್ತದೆ, ಕೊನೆಯ ದಿನ ಪೆಟ್ಟಿಗೆಯ ತನಕ ಯಾರು ತಲುಪುತ್ತಾರೆ ಎಂಬುದರಲ್ಲೇ ಅರ್ಧ ಕೆಲಸ ಮುಗಿದಿರುತ್ತಿತ್ತು. ಹೊಸ ಕಾಯ್ದೆ ರಾಜ್ಯಕ್ಕೂ ಜಿಲ್ಲೆಗಳಿಗೂ ಟೆಂಡರ್ ಬುಲೆಟಿನ್ ತಂದಿತು. ಟೆಂಡರ್ ಕರೆಯುವವರು ಯಾರು, ಒಪ್ಪುವವರು ಯಾರು ಎಂದು ಗೊತ್ತುಮಾಡಿತು. ಸೋತವರಿಗೆ ಮೇಲ್ಮನವಿಯ ಹಕ್ಕು ಕೊಟ್ಟಿತು. 2 ಕೋಟಿ ರೂಪಾಯಿವರೆಗಿನ ಟೆಂಡರ್‌ಗೆ ಕನಿಷ್ಠ 30 ದಿನ, ಅದಕ್ಕೂ ಮೇಲಿನದಕ್ಕೆ 60 ದಿನ ಕಾಲಾವಕಾಶ ಇರಬೇಕೆಂದು 2000ದ ನಿಯಮಗಳು ಹೇಳಿದವು.

2007ರಲ್ಲಿ ಇ-ಪ್ರೊಕ್ಯೂರ್‌ಮೆಂಟ್ ಬಂದ ಮೇಲೆ ಪೆಟ್ಟಿಗೆಯೇ ಇಲ್ಲವಾಯಿತು. ಬೀದರಿನ ಗುತ್ತಿಗೆದಾರ ಮನೆಯಲ್ಲೇ ಕೂತು ಚಾಮರಾಜನಗರದ ಕೆಲಸಕ್ಕೆ ದರ ನಮೂದಿಸಬಹುದಾಯಿತು. ಇದು ಸಣ್ಣ ಸುಧಾರಣೆಯಲ್ಲ. ಆದರೆ ಕಂಪ್ಯೂಟರಿಗೂ ಅದರದೇ ಕಳ್ಳರಿದ್ದಾರೆ. 2019ರಲ್ಲಿ ಇದೇ ಜಾಲತಾಣಕ್ಕೆ ಕನ್ನ ಹಾಕಿ, ಬಿಡ್‌ದಾರರು ಕಟ್ಟಿದ್ದ ಇಎಂಡಿ ಠೇವಣಿಯಲ್ಲಿ ಸುಮಾರು 11.5 ಕೋಟಿ ರೂಪಾಯಿಯನ್ನು ಬೇರೆ ಖಾತೆಗಳಿಗೆ ಸಾಗಿಸಿದ ಪ್ರಕರಣ ಬಯಲಾಯಿತು. ಈಗ ಆ ಜಾಗದಲ್ಲಿ ಕೆಪಿಪಿಪಿ ಎಂಬ ಹೊಸ ಪೋರ್ಟಲ್ ಇದೆ. ಕೇಂದ್ರದಲ್ಲಿ 2016ರಲ್ಲಿ ಜೆಮ್ ಎಂಬ ಸರ್ಕಾರಿ ಇ-ಮಾರುಕಟ್ಟೆ ತೆರೆಯಿತು, ಮರುವರ್ಷ ಡಿಜಿಎಸ್ ಅಂಡ್ ಡಿ ಮುಚ್ಚಿತು.

ಲಕೋಟೆ ಒಡೆಯುವ ಗಳಿಗೆಗೆ ಇಷ್ಟೆಲ್ಲ ಕಾವಲು ಹಾಕಿದ ಮೇಲೆ ಕೈಚಳಕ ಅದರ ಹಿಂದಕ್ಕೂ ಮುಂದಕ್ಕೂ ಸರಿಯಿತು. ಈ ಇಪ್ಪತ್ತೈದು ವರ್ಷಗಳ ಇತಿಹಾಸವನ್ನು ನಾನು ಓದುವುದು ಹೀಗೆ.

ಹಿಂದಕ್ಕೆ ಎಂದರೆ ಅಂದಾಜು ಪಟ್ಟಿಗೆ ಮತ್ತು ಷರತ್ತುಗಳಿಗೆ. ‘ಕಳೆದ ಐದು ವರ್ಷಗಳಲ್ಲಿ ಇಂಥದ್ದೇ ಕೆಲಸ ಮಾಡಿರಬೇಕು, ವಹಿವಾಟು ಇಷ್ಟಿರಬೇಕು, ಇಂಥ ಯಂತ್ರ ಸ್ವಂತದ್ದಿರಬೇಕು’ ಎಂದು ಬರೆಯುತ್ತ ಹೋದರೆ ಕೊನೆಗೆ ಉಳಿಯುವುದು ಒಬ್ಬನೋ ಇಬ್ಬರೋ. ಟೆಂಡರ್ ಮುಕ್ತವಾಗಿಯೇ ನಡೆದಿರುತ್ತದೆ, ಗೆಲ್ಲುವವರು ಮಾತ್ರ ಮೊದಲೇ ಗೊತ್ತು. ತುರ್ತು ಎಂದು ಕಾರಣ ಬರೆದರೆ ಮೇಲಧಿಕಾರಿ ಕಾಲಾವಕಾಶ ಕಡಿತಗೊಳಿಸಬಹುದು. ಅದರಿಂದಾಗಿ ‘ಅಲ್ಪಾವಧಿ ಟೆಂಡರ್’ ಅನೇಕ ಕಡೆ ರೂಢಿಯೇ ಆಗಿಬಿಟ್ಟಿತು. ಒಂದು ಕಾಮಗಾರಿಯನ್ನು ತುಂಡರಿಸಿದರೆ ಟೆಂಡರನ್ನೇ ತಪ್ಪಿಸಿ ತುಂಡು ಗುತ್ತಿಗೆಗೆ ಕೊಡಬಹುದು. ಹತ್ತನ್ನು ಸೇರಿಸಿ ‘ಪ್ಯಾಕೇಜ್’ ಮಾಡಿದರೆ ಸಣ್ಣ ಗುತ್ತಿಗೆದಾರ ಹೊರಗುಳಿಯುತ್ತಾನೆ.

ಪ್ಯಾಕೇಜ್ ಬಗ್ಗೆ ಪರಿಶಿಷ್ಟ ಗುತ್ತಿಗೆದಾರರಿಗೆ ಸಿಟ್ಟು ಬರಲು ಕಾರಣವಿದೆ. 2016ರ ತಿದ್ದುಪಡಿ 50 ಲಕ್ಷ ರೂಪಾಯಿವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇ 17.15, ಪರಿಶಿಷ್ಟ ಪಂಗಡಕ್ಕೆ ಶೇ 6.95 ಮೀಸಲಿಟ್ಟಿತು. 2023ರಲ್ಲಿ ಮಿತಿ 1 ಕೋಟಿಗೆ ಏರಿತು. ಕೆಲಸಗಳನ್ನು ಪ್ಯಾಕೇಜ್ ಮಾಡಿ ಮಿತಿಯ ಮೇಲಕ್ಕೆ ಒಯ್ದರೆ ಮೀಸಲಾತಿ ಅಲ್ಲಿಗೇ ತಪ್ಪಿತು, ಕಾಯ್ದೆಯ ಒಂದಕ್ಷರವನ್ನೂ ಮುಟ್ಟಬೇಕಿಲ್ಲ. ಮಿತಿಯನ್ನು 2 ಕೋಟಿಗೆ ಏರಿಸಿ ಮುಸ್ಲಿಮರಿರುವ ಪ್ರವರ್ಗ 2ಬಿಗೂ ಶೇ 4 ಕೊಡುವ 2025ರ ಮಸೂದೆಯ ಮೇಲೆ ಎದ್ದ ಗದ್ದಲದಲ್ಲಿ ಧರ್ಮದ ಚರ್ಚೆಯೇ ಎಲ್ಲ ಜಾಗವನ್ನೂ ತಿಂದುಹಾಕಿತು, ಪ್ಯಾಕೇಜ್ ಪ್ರಶ್ನೆ ಮೂಲೆ ಸೇರಿತು. ರಾಜ್ಯಪಾಲರು ಆ ಮಸೂದೆಯನ್ನು ರಾಷ್ಟ್ರಪತಿಗಳ ಪರಿಶೀಲನೆಗೆ ಕಾಯ್ದಿರಿಸಿದರು.

ಗುತ್ತಿಗೆದಾರರ ಸಂಘ 2021ರಲ್ಲಿ ಪ್ರಧಾನಿಗೆ ಪತ್ರ ಬರೆದು ‘ಶೇ 40 ಕಮಿಷನ್’ ಆರೋಪ ಮಾಡಿದ್ದು ಚುನಾವಣೆಯ ಘೋಷಣೆಯಾಗಿ ಬೆಳೆಯಿತು, ವಿಚಾರಣಾ ಆಯೋಗವೂ ಬಂತು. ಅದಕ್ಕಿಂತ ಉಪಯುಕ್ತವೆಂದು ನನಗನ್ನಿಸುವುದು 2022ರ ಒಂದು ಆದೇಶ. 50 ಕೋಟಿ ಮೀರಿದ ಟೆಂಡರ್‌ಗಳನ್ನು ಕರೆಯುವ ಮೊದಲೇ ನಿವೃತ್ತ ಹೈಕೋರ್ಟ್ ನ್ಯಾಯಮೂರ್ತಿ ನೇತೃತ್ವದ ಸಮಿತಿ ಪರಿಶೀಲಿಸಬೇಕೆಂದು ಅದು ಹೇಳಿತು. ರೋಗ ಎಲ್ಲಿದೆ ಎಂಬುದನ್ನು ಸರ್ಕಾರವೇ ಒಪ್ಪಿಕೊಂಡಂತಾಯಿತು. ಆದರೆ 49 ಕೋಟಿಯ ಕೆಲಸಕ್ಕೆ ಆ ಕಾವಲಿಲ್ಲ. ಹಿಂದಿನ ಭೂಸೇನಾ ನಿಗಮವಾದ ಕೆಆರ್‌ಐಡಿಎಲ್‌ಗೂ ನಿರ್ಮಿತಿ ಕೇಂದ್ರಗಳಿಗೂ ಫೋರ್ ಜಿ ಅಡಿ ನೇರವಾಗಿ ಹೋಗುವ ಕೆಲಸಗಳ ದಾರಿಯೇ ಬೇರೆ.

ಮುಂದಕ್ಕೆ ಸರಿದ ತೊಂದರೆ ಇನ್ನೂ ಗಂಭೀರ. ‘ಎಲ್-1’, ಅಂದರೆ ಅತಿ ಕಡಿಮೆ ದರ ಕೂಗಿದವನಿಗೇ ಕೆಲಸ ಎಂಬ ಪದ್ಧತಿ ಅಧಿಕಾರಿಗೆ ರಕ್ಷಾಕವಚ. ಕಡಿಮೆ ದರ ಒಪ್ಪಿದ್ದಕ್ಕೆ ಆಡಿಟ್ ಆಕ್ಷೇಪಣೆ ಬರುವುದಿಲ್ಲ. ಆದರೆ ಅಂದಾಜಿಗಿಂತ ಶೇ 25 ಕಡಿಮೆಗೆ ಕೆಲಸ ಹಿಡಿದವನು ಆ ಕೊರತೆಯನ್ನು ಎಲ್ಲಿಂದ ತುಂಬುತ್ತಾನೆ? ಡಾಂಬರಿನ ದಪ್ಪದಿಂದ, ಇಲ್ಲವೇ ಕೂಲಿಯವನ ಸಂಬಳದಿಂದ. ಗುಣಮಟ್ಟಕ್ಕೂ ಅಂಕ ಕೊಡುವ ಕ್ರಮವನ್ನು ಕೇಂದ್ರ ಹಣಕಾಸು ಸಚಿವಾಲಯ 2021ರ ಅಕ್ಟೋಬರ್‌ನಲ್ಲಿ ಕಾಮಗಾರಿಗಳಿಗೂ ಷರತ್ತುಬದ್ಧವಾಗಿ ತೆರೆಯಿತು. ಅಂಕ ಕೊಡುವವನ ವಿವೇಚನೆ ಎಂದಕೂಡಲೇ ನಮ್ಮಲ್ಲಿ ಅನುಮಾನ ಹುಟ್ಟುತ್ತದೆ, ಅದು ಆಧಾರವಿಲ್ಲದ ಅನುಮಾನವೂ ಅಲ್ಲ.

ಔಷಧ ಖರೀದಿಯಲ್ಲಿ ಈ ಗಂಟು ಜೀವಕ್ಕೇ ಬಂತು. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅನುಮಾನ ಬಿದ್ದದ್ದು ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಪಶ್ಚಿಮ ಬಂಗಾಳದ ಕಂಪನಿಯೊಂದು ಅದನ್ನು ರಾಜ್ಯದ ವೈದ್ಯಕೀಯ ಸರಬರಾಜು ನಿಗಮಕ್ಕೆ ಪೂರೈಸಿತ್ತು. ಅದೇ ಕಂಪನಿಯ ಕೆಲವು ಬ್ಯಾಚ್‌ಗಳು ಗುಣಮಟ್ಟದ್ದಲ್ಲವೆಂದು ರಾಜ್ಯದ ಪ್ರಯೋಗಾಲಯ ಮೊದಲೇ ಹೇಳಿದ್ದರೂ, ಕೇಂದ್ರದ ಪ್ರಯೋಗಾಲಯ ಸರಿಯಿದೆ ಎಂದಿತ್ತು. ಎರಡು ವರದಿಗಳ ನಡುವಿನ ಸಂದಿನಲ್ಲಿ ಬಾಟಲಿಗಳು ವಾರ್ಡ್ ತಲುಪಿದವು. ಕಂಪನಿಯನ್ನು ಇಲ್ಲಿ ಕಪ್ಪುಪಟ್ಟಿಗೆ ಸೇರಿಸಲಾಯಿತು. ಎರಡು ತಿಂಗಳಾದ ಮೇಲೆ, 2025ರ ಜನವರಿಯಲ್ಲಿ, ಬಂಗಾಳದ ಮೇದಿನೀಪುರ ವೈದ್ಯಕೀಯ ಕಾಲೇಜಿನಲ್ಲಿ ಬಾಣಂತಿಯೊಬ್ಬರು ಸತ್ತಾಗ ಮತ್ತೆ ಅದೇ ಕಂಪನಿಯ ದ್ರಾವಣದ ಹೆಸರು ಕೇಳಿಬಂತು. ಒಂದು ರಾಜ್ಯದ ಕಪ್ಪುಪಟ್ಟಿ ಇನ್ನೊಂದು ರಾಜ್ಯದ ಉಗ್ರಾಣದ ಬಾಗಿಲನ್ನು ತಾನಾಗಿಯೇ ಮುಚ್ಚುವುದಿಲ್ಲ. ಔಷಧದ ಟೆಂಡರ್‌ನಲ್ಲಿ ದರ ಹೋಲಿಸಲು ಒಂದು ಗಂಟೆ ಸಾಕು. ಬಂದ ಮಾಲನ್ನು ಬ್ಯಾಚ್‌ಬ್ಯಾಚಾಗಿ ಪರೀಕ್ಷಿಸಿ, ಕೆಟ್ಟದ್ದನ್ನು ಆಸ್ಪತ್ರೆಯ ಕಪಾಟಿನಿಂದ ಹೊರಹಾಕುವುದಕ್ಕೆ ಬೇಕಾದ ಸಿಬ್ಬಂದಿಗೂ ಪ್ರಯೋಗಾಲಯಕ್ಕೂ ಯಾವ ಟೆಂಡರ್ ಕಾಯ್ದೆಯಲ್ಲೂ ಕಲಂ ಇಲ್ಲ.

ಇನ್ನು ಬಿಲ್. 2022ರ ಏಪ್ರಿಲ್‌ನಲ್ಲಿ ಬೆಳಗಾವಿಯ ಗುತ್ತಿಗೆದಾರರೊಬ್ಬರು ಉಡುಪಿಯ ಲಾಡ್ಜ್‌ನಲ್ಲಿ ಸಾವಿಗೀಡಾದಾಗ ರಾಜಕೀಯ ಕೋಲಾಹಲವೆದ್ದು ಸಚಿವರೊಬ್ಬರು ರಾಜೀನಾಮೆ ಕೊಟ್ಟರು, ಪೊಲೀಸರು ಕೊನೆಗೆ ಸಾಕ್ಷ್ಯವಿಲ್ಲವೆಂದು ಬಿ-ರಿಪೋರ್ಟ್ ಹಾಕಿದರು. ಆ ಗಲಾಟೆಯಲ್ಲಿ ಹೆಚ್ಚು ಜನ ಗಮನಿಸದ ಸಂಗತಿಯೆಂದರೆ, ಅವರು ಬಿಲ್ ಕೇಳುತ್ತಿದ್ದ ಹಿಂಡಲಗಾದ ರಸ್ತೆ ಕೆಲಸಗಳಿಗೆ ಕಾರ್ಯಾದೇಶವೇ ಇರಲಿಲ್ಲ ಎಂಬುದು. ಮೊದಲು ಕೆಲಸ, ಆಮೇಲೆ ಕಾಗದ ಎಂಬ ಪರಿಪಾಠ ಹಳ್ಳಿಗಾಡಿನಲ್ಲಿ ಅಪರೂಪವಲ್ಲ. ಕಾಗದ ಸರಿಯಿದ್ದವರೂ ‘ಸೀನಿಯಾರಿಟಿ’ ಸಾಲಿನಲ್ಲಿ ವರ್ಷಗಟ್ಟಲೆ ಕಾಯಬೇಕು, ಸಾಲು ಮುರಿಯಬೇಕಾದರೆ ಕೈ ಬಿಸಿ ಮಾಡಬೇಕು ಎಂಬ ದೂರು ಯಾವ ಪಕ್ಷದ ಸರ್ಕಾರ ಬಂದರೂ ತಪ್ಪಿಲ್ಲ. ಕಾಯುವ ಬಡ್ಡಿ ಮುಂದಿನ ಟೆಂಡರ್‌ನ ದರಕ್ಕೆ ಸೇರುತ್ತದೆ. ತಾಳಿಕೊಳ್ಳಲಾಗದ ಒಳ್ಳೆಯ ಗುತ್ತಿಗೆದಾರ ಖಾಸಗಿ ಕೆಲಸಕ್ಕೆ ಹೊರಟುಹೋಗುತ್ತಾನೆ.

ಪಂಚಾಯತ್ ರಾಜ್ ಇಲಾಖೆಯ ‘ಗಾಂಧಿ ಸಾಕ್ಷಿ ಕಾಯಕ’ ತಂತ್ರಾಂಶ ಈ ಕೊನೆಯ ಹಂತಕ್ಕೆ ಕಣ್ಣಿಡಲು ನಡೆದ ಕೆಲವೇ ಪ್ರಯತ್ನಗಳಲ್ಲಿ ಒಂದು. ಕಾಮಗಾರಿಯ ಪ್ರಗತಿ, ಫೋಟೊ, ಪಾವತಿ ಒಂದೇ ಕಡೆ ದಾಖಲಾಗಬೇಕೆಂಬುದು ಅದರ ಆಶಯ. ಉಳಿದಂತೆ ಟೆಂಡರ್ ಕೆಪಿಪಿಪಿಯಲ್ಲಿ, ಪಾವತಿ ಖಜಾನೆ-2 ತಂತ್ರಾಂಶದಲ್ಲಿ, ಇವೆರಡರ ನಡುವಿನ ಅಳತೆ ಪುಸ್ತಕ ಸೆಕ್ಷನ್ ಆಫೀಸಿನ ಬೀರುವಿನಲ್ಲಿ. ತನ್ನ ಬೀದಿಯ ರಸ್ತೆಗೆ ಯಾರು ಎಷ್ಟಕ್ಕೆ ಕೂಗಿದರು ಎಂಬುದನ್ನು ನಾಗರಿಕ ಈಗ ಮೊಬೈಲಿನಲ್ಲೇ ನೋಡಬಹುದು. ಎಷ್ಟು ಇಂಚು ದಪ್ಪ ಹಾಕಿದರೆಂದು ಯಾರು ಸಹಿ ಹಾಕಿದರು ಎಂಬುದು ತಿಳಿಯಬೇಕಾದರೆ ಮಾಹಿತಿ ಹಕ್ಕಿನಡಿ ಅರ್ಜಿ ಬರೆದು ಕೂರಬೇಕು.