ಅಘನಾಶಿನಿ ಅಳಿವೆ: ಮರಿಮೀನು, ಏಡಿಗಳ ನೆಲೆ

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿ ಅರಬ್ಬೀ ಸಮುದ್ರವನ್ನು ಸೇರುವ ಪ್ರದೇಶವೇ ಈ ಅಳಿವೆ. ದಿನಕ್ಕೆ ಎರಡು ಬಾರಿ ಬರುವ ಉಬ್ಬರ ಇಳಿತಗಳಿಂದ ಇಲ್ಲಿ ಸಿಹಿನೀರೂ ಉಪ್ಪುನೀರೂ ಬೆರೆಯುತ್ತವೆ. ನೀರಿನ ಉಪ್ಪಿನಂಶ ಮಳೆಗಾಲದಲ್ಲಿ ಕುಸಿದು ಬೇಸಿಗೆಯಲ್ಲಿ ಏರುತ್ತದೆ.

ಅಳಿವೆಯಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಿಂದ ಉದುರಿ ಕೊಳೆತ ಎಲೆಗಳು ಸೂಕ್ಷ್ಮಜೀವಿ, ಹುಳು, ಸಿಗಡಿಗಳಿಗೆ ಆಹಾರ. ಇವು ಮರಿಮೀನುಗಳಿಗೆ ಆಹಾರ. ಹೆಣೆದುಕೊಂಡ ಬೇರುಗಳ ನಡುವೆ, ಆಳವಿಲ್ಲದ ಕದಡಿದ ನೀರಿನಲ್ಲಿ ದೊಡ್ಡ ಮೀನುಗಳ ಕಾಟ ಕಡಿಮೆ. ಹೀಗಾಗಿ ಕಡಲಿನ ಹಲವು ಮೀನುಗಳ ಮರಿಗಳು ಇಲ್ಲಿಯೇ ಬೆಳೆಯುತ್ತವೆ.

ಕೆಸರು ಏಡಿಯ (ಸಿಲ್ಲಾ ಸೆರಾಟಾ) ಹೆಣ್ಣು ಮೊಟ್ಟೆ ಒಡೆದು ಮರಿಯಾಗುವ ಹೊತ್ತಿಗೆ ಕಡಲಿಗೆ ಹೋಗುತ್ತದೆ. ಡಿಂಭಗಳು ಹಲವು ಹಂತಗಳನ್ನು ದಾಟಿದ ಬಳಿಕ ಅಳಿವೆ ಸೇರಿ ಏಡಿಗಳಾಗಿ ಬೆಳೆಯುತ್ತವೆ. ಚಿಪ್ಪು ಕಳಚಿ ಮೈ ಮೆತ್ತಗಿರುವಾಗ ಬಿಲ, ಬೇರುಗಳ ಸಂದುಗಳೇ ಅವಕ್ಕೆ ರಕ್ಷಣೆ. ಏಡಿಗಳು ತೋಡುವ ಬಿಲಗಳಿಂದ ಕೆಸರಿನೊಳಗೆ ಗಾಳಿ, ನೀರು ಆಡಿ ಕಾಂಡ್ಲಾಕ್ಕೂ ಅನುಕೂಲವಾಗುತ್ತದೆ.

ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳೂ ಕೊಯ್ಲಿನ ನಂತರ ಮೀನು, ಸಿಗಡಿಗಳ ತಾಣ. ನದಿಗೆ ದೊಡ್ಡ ಅಣೆಕಟ್ಟು ಇಲ್ಲದಿರುವುದರಿಂದ ಸಿಹಿನೀರಿನ ಸಹಜ ಹರಿವು ಉಳಿದಿದೆ. 4,801 ಹೆಕ್ಟೇರ್ ವಿಸ್ತಾರದ ಈ ಅಳಿವೆಯನ್ನು ರಾಮ್ಸಾರ್ ತಾಣವೆಂದು (ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿ) 2024ರ ಜನವರಿಯಲ್ಲಿ ಪ್ರಕಟಿಸಲಾಯಿತು.